ಸ್ಕ್ಯಾನ್ ಅರ್ಧಕ್ಕೇ ನಿಲ್ಲುತ್ತದೆ, ಕನ್ನಡ ಹೆಸರು ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ

ಪ್ರಶ್ನೆ: ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಲಿರಿಯನ್ ಮ್ಯೂಸಿಕ್ ಸರ್ವರ್ (ಡಿಸ್ಕಿನ ಹಾಡುಗಳನ್ನು ಮನೆಯ ನೆಟ್‌ವರ್ಕಿನಲ್ಲಿ ಪ್ಲೇಯರಿಗೆ ಕಳಿಸುವ ತಂತ್ರಾಂಶ) ಹಾಕಿಕೊಂಡಿದ್ದೇನೆ. 2 ಟಿಬಿಯ ಪೋರ್ಟಬಲ್ ಹಾರ್ಡ್ ಡಿಸ್ಕಿನಲ್ಲಿ ಸುಮಾರು 40,000 ಹಾಡುಗಳಿವೆ, ಹೆಚ್ಚಿನವು ಕರ್ನಾಟಕ ಸಂಗೀತ. ಸರ್ವರ್, ಪ್ಲೇಯರ್ ಎರಡೂ ವೈ-ಫೈನಲ್ಲಿವೆ. ಸರ್ವರ್ ಹಾಡುಗಳನ್ನು ಹುಡುಕಿ ಪಟ್ಟಿ ಮಾಡುವ ಸ್ಕ್ಯಾನ್ ಅರ್ಧಕ್ಕೇ ನಿಲ್ಲುತ್ತದೆ. 24 ಬಿಟ್ ಫ್ಲ್ಯಾಕ್ (ಗುಣಮಟ್ಟ ಕೆಡದಂತೆ ಕುಗ್ಗಿಸಿದ) ಫೈಲುಗಳು ತಡವರಿಸುತ್ತವೆ. ಒಂದೇ ಕಛೇರಿ ನಾಲ್ಕೈದು ಆಲ್ಬಂ ಆಗಿ ಒಡೆದಿದೆ, ಕೆಲವು ಕನ್ನಡ ಹೆಸರುಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ. ಪ್ಲೇಯರ್ ಬದಲಿಸಬೇಕೆ?

ಉತ್ತರ: ಸದ್ಯಕ್ಕೆ ಬೇಡ. ಈ ಲಕ್ಷಣಗಳೆಲ್ಲ ಡಿಸ್ಕು, ವೈ-ಫೈ ಮತ್ತು ಟ್ಯಾಗುಗಳ (ಫೈಲಿನೊಳಗೇ ಬರೆದಿರುವ ಹಾಡು, ಆಲ್ಬಂ, ಕಲಾವಿದರ ಹೆಸರುಗಳ) ಕಡೆ ಬೆರಳು ತೋರಿಸುತ್ತವೆ.

ಮೊದಲು ಕರೆಂಟು ನೋಡಿ. ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟು ಸೇರಿ ಕೊಡುವುದು 1.2 ಆಂಪಿಯರ್ ಮಾತ್ರ. ತಿರುಗುವ ಡಿಸ್ಕು ಚಾಲೂ ಆಗುವಾಗ ಒಂಟಿಯಾಗಿಯೇ 1 ಆಂಪಿಯರ್ ಹತ್ತಿರ ಎಳೆಯಬಹುದು. ಮೊಬೈಲ್ ಚಾರ್ಜರ್ ಹಾಕಿದ್ದರಂತೂ ವೋಲ್ಟೇಜ್ ಕುಸಿದು ಡಿಸ್ಕು ಕ್ಷಣಕಾಲ ಕಳಚಿಕೊಳ್ಳುತ್ತದೆ, ಸ್ಕ್ಯಾನ್ ಅಲ್ಲೇ ಸಾಯುತ್ತದೆ. ಪೈಗೆ 5.1 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಕೊಡಿ, ಡಿಸ್ಕನ್ನು ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್‌ಗೆ ಸಿಕ್ಕಿಸಿ. ಆಮೇಲೂ ಪ್ರತಿ ಸಲ ಒಂದೇ ಜಾಗದಲ್ಲಿ ನಿಂತರೆ ಅಲ್ಲಿ ಕೆಟ್ಟ ಫೈಲ್ ಒಂದು ಇರಬಹುದು. ಸರ್ವರ್ ಸೆಟ್ಟಿಂಗ್ಸ್‌ನ ಲಾಗಿಂಗ್ ಪುಟದಲ್ಲಿ ಸ್ಕ್ಯಾನರಿನ ಮಟ್ಟವನ್ನು ಡೀಬಗ್‌ಗೆ (ಪ್ರತಿ ಹೆಜ್ಜೆಯನ್ನೂ ಬರೆದಿಡುವ ಮಟ್ಟಕ್ಕೆ) ಏರಿಸಿ, ಮತ್ತೆ ಓಡಿಸಿ, ಲಾಗಿನ ಕೊನೆಯ ಸಾಲುಗಳಲ್ಲಿರುವ ಫೈಲನ್ನು ಬೇರೆಡೆ ಎತ್ತಿಡಿ. ನಿಲ್ಲುವ ಜಾಗ ಬದಲಾಗುತ್ತಲೇ ಇದ್ದರೆ ಡಿಸ್ಕಿನ ಮೇಲೆ ಅನುಮಾನಪಡಿ, ಬೇರೇನೂ ಮಾಡುವ ಮುನ್ನ ಬ್ಯಾಕಪ್ ತೆಗೆಯಿರಿ.

ಇನ್ನು ತಡವರಿಕೆ. 24 ಬಿಟ್, 192 ಕಿಲೊಹರ್ಟ್ಸ್ ಸ್ಟೀರಿಯೊ ಬಿಚ್ಚಿದಾಗ ಸೆಕೆಂಡಿಗೆ 9.2 ಮೆಗಾಬಿಟ್, ಸಿಡಿ ಗುಣಮಟ್ಟದ್ದು 1.4. ಫ್ಲ್ಯಾಕ್‌ನಲ್ಲಿ ಇನ್ನೂ ಕಡಿಮೆ. ವೈ-ಫೈಗೆ ಇದು ಭಾರವಲ್ಲ. ಆದರೆ ನಿಮ್ಮ ಮನೆಯಲ್ಲಿ ಪ್ರತಿ ಹಾಡೂ ಎರಡು ಸಲ ಗಾಳಿಯಲ್ಲಿ ಹಾಯುತ್ತದೆ: ಸರ್ವರಿನಿಂದ ರೂಟರಿಗೆ, ರೂಟರಿನಿಂದ ಪ್ಲೇಯರಿಗೆ. ಜೊತೆಗೆ, ಯುಎಸ್‌ಬಿ 3 ಡಿಸ್ಕು ಮತ್ತದರ ಕೇಬಲ್ಲು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ರೇಡಿಯೊ ಗದ್ದಲ ಎಬ್ಬಿಸುತ್ತವೆ. ಪಕ್ಕದಲ್ಲೇ ಕೂತ ಪೈಯ ವೈ-ಫೈ ಅದರಿಂದ ತತ್ತರಿಸುತ್ತದೆ. ಪೈಯನ್ನು ರೂಟರಿನ ಬಳಿಗೆ ಒಯ್ದು ಲ್ಯಾನ್ ಕೇಬಲ್ ಹಾಕಿ, ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ಸರಿಹೋಗುತ್ತದೆ. ಪ್ಲೇಯರಿಗೆ 5 ಗಿಗಾಹರ್ಟ್ಸ್ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ 2.4ರಲ್ಲಿ 1, 6, 11ನೇ ಚಾನೆಲ್‌ಗಳ ಪೈಕಿ ಖಾಲಿ ಇರುವುದನ್ನು ಆರಿಸಿ.

ಟ್ಯಾಗುಗಳಿಗೆ ಹೆಚ್ಚು ಸಮಯ ಬೇಕು, ಅವಸರ ಮಾಡಬೇಡಿ. ಕಛೇರಿ ಒಡೆಯುವುದು ಕಲಾವಿದರ ಕಾಲಂನಲ್ಲಿ ಒಂದು ಹಾಡಿಗೆ ಗಾಯಕರು, ಇನ್ನೊಂದಕ್ಕೆ ಪಿಟೀಲು, ತನಿ ಆವರ್ತನಕ್ಕೆ ಮೃದಂಗದವರು ಕೂತಿರುವುದರಿಂದ. ಎಲ್ಲ ಹಾಡುಗಳ 'ಆಲ್ಬಂ ಆರ್ಟಿಸ್ಟ್' ಜಾಗದಲ್ಲಿ ಮುಖ್ಯ ಗಾಯಕರ ಹೆಸರನ್ನು ಅಕ್ಷರ ವ್ಯತ್ಯಾಸವಿಲ್ಲದೆ ತುಂಬಿ. ಪುರಂದರದಾಸರು, ತ್ಯಾಗರಾಜರು 'ಕಂಪೋಸರ್' ಜಾಗಕ್ಕೆ ಸೇರಬೇಕು.

ಪ್ರಶ್ನಾರ್ಥಕ ಚಿಹ್ನೆಗೆ ಕಾರಣ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಸಂಕೇತ ಪದ್ಧತಿ) ತಿಳಿಯದ ಹಳೆಯ ತಂತ್ರಾಂಶ, ಇಲ್ಲವೇ ಎಂಪಿ3 ಫೈಲುಗಳ ಟ್ಯಾಗು ಪದ್ಧತಿಯಾದ ಐಡಿ3ಯ ಮೊದಲ ಆವೃತ್ತಿಯ ಟ್ಯಾಗು. ಅದರಲ್ಲಿ ಹೆಸರಿಗೆ ಸಿಗುವುದು 30 ಬೈಟು. 'ಪುರಂದರದಾಸರು' ಎಂಬ ಒಂದು ಪದಕ್ಕೇ ಯೂನಿಕೋಡನ್ನು ಬರೆದಿಡುವ ಯುಟಿಎಫ್-8 ರೂಪದಲ್ಲಿ 33 ಬೈಟು ಬೇಕು! ಎಂಪಿ3ಟ್ಯಾಗ್ ತಂತ್ರಾಂಶದಲ್ಲಿ ಐಡಿ3 2.3, ಯುಟಿಎಫ್-16 ಆರಿಸಿ, ಮೊದಲ ಆವೃತ್ತಿಯ ಟ್ಯಾಗು ಅಳಿಸಿ. ಫೈಲಿನೊಳಗೇ ಪ್ರಶ್ನಾರ್ಥಕ ಚಿಹ್ನೆ ಉಳಿದಿದ್ದರೆ ಮೂಲ ಅಕ್ಷರ ಹೋದಂತೆಯೇ. ಫೈಲ್ ಹೆಸರು ಕನ್ನಡದಲ್ಲಿದ್ದರೆ ಅದರಿಂದಲೇ ಟ್ಯಾಗು ತುಂಬಿಸಬಹುದು, ಇಲ್ಲವಾದರೆ ಮತ್ತೆ ಟೈಪ್ ಮಾಡಬೇಕು. ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಂಡರೆ ಅದು ಹಳೆಯ ನುಡಿ ಅಥವಾ ಬರಹ ಫಾಂಟಿನದಿರಬಹುದು. ಪರಿವರ್ತಕದಲ್ಲಿ ಯೂನಿಕೋಡ್‌ಗೆ ತರಬಹುದು. ಫೋನಿನಲ್ಲಿ ಸರಿಯಾಗಿ ಕಂಡು ಪ್ಲೇಯರ್ ಪರದೆಯಲ್ಲಿ ಮಾತ್ರ ಚೌಕಗಳು ಬಂದರೆ ಟ್ಯಾಗು ಮುಟ್ಟಬೇಡಿ, ಆ ಸಾಧನದಲ್ಲಿ ಕನ್ನಡ ಫಾಂಟಿಲ್ಲ, ಅಷ್ಟೇ.

ಟ್ಯಾಗು ತಿದ್ದುವಾಗ ಫೈಲಿನ ತಾರೀಕನ್ನು ಹಾಗೇ ಉಳಿಸುವ ಆಯ್ಕೆ ಆಫ್ ಆಗಿರಲಿ. ತಾರೀಕು, ಗಾತ್ರ ಎರಡೂ ಬದಲಾಗದಿದ್ದರೆ ಹೊಸತನ್ನಷ್ಟೇ ಹುಡುಕುವ ಸ್ಕ್ಯಾನಿಗೆ ನಿಮ್ಮ ತಿದ್ದುಪಡಿ ಕಾಣುವುದಿಲ್ಲ. ಆಗ ಸರ್ವರಿನ ಪಟ್ಟಿಯನ್ನು (ಹಾಡುಗಳನ್ನಲ್ಲ) ಪೂರ್ತಿ ಅಳಿಸಿ ಮರುಸ್ಕ್ಯಾನ್ ಮಾಡಬೇಕು, ರಾತ್ರಿ ಹಚ್ಚಿಟ್ಟು ಮಲಗಿ. ಫೋಲ್ಡರುಗಳ ಹೆಸರು ಮಾತ್ರ ಬದಲಿಸಬೇಡಿ: ಪ್ಲೇಲಿಸ್ಟ್‌ಗಳಲ್ಲಿರುವುದು ಹಾಡಿನ ದಾರಿ (ಯಾವ ಫೋಲ್ಡರಿನ ಯಾವ ಫೈಲ್ ಎಂಬ ವಿಳಾಸ), ಅದು ತಪ್ಪಿದರೆ ಪ್ಲೇಲಿಸ್ಟು ಹಾಡನ್ನು ಹುಡುಕಲಾರದು.