ಸಂಪಾದಕರ ಉತ್ತರ: ವೈರಸ್ಸಿನ ನಕಲು ಎಲ್ಲಿ ನಿಲ್ಲುತ್ತದೆ?

ಪ್ರಿಯ ಓದುಗರೇ,

ಸಿಡುಬು ಕುಟುಂಬದ ವೈರಸ್‌ಗಳ ಕುರಿತ ನಮ್ಮ ಲೇಖನ ಓದಿ ನೀವು ಕೇಳಿದ್ದೀರಿ: "ಜೀನ್‌ನ ನಕಲು ಮುಗಿಸಲು ಏಳಕ್ಷರದ ಸಂಕೇತವಿದೆ ಎಂದಿದ್ದೀರಿ. ಅದೇ ಏಳಕ್ಷರ ಬೇರೆ ಜೀನ್‌ಗಳ ಒಳಗೂ ಬರುತ್ತದಲ್ಲ, ಅಲ್ಲೇಕೆ ನಿಲ್ಲುವುದಿಲ್ಲ? ನಿಲ್ಲದೆ ಹೋದರೆ ವೈರಸ್ಸಿಗೆ ನಷ್ಟವೇನು?" ಎರಡಕ್ಕೂ ಉತ್ತರವಿದೆ, ಸ್ವಲ್ಪ ವಿವರವಾಗಿಯೇ ಹೇಳಬೇಕು.

ಈ ವಿಷಯದಲ್ಲಿ ನಮಗೆ ತಿಳಿದಿರುವ ಬಹುಪಾಲು ಸಿಡುಬಿನ ಲಸಿಕೆಗೆ ಬಳಸುತ್ತಿದ್ದ ವ್ಯಾಕ್ಸಿನಿಯಾ ವೈರಸ್ಸಿನಿಂದ ಬಂದದ್ದು. ಡಿಎನ್‌ಎ ವೈರಸ್ಸಾದರೂ ಅದು ತನ್ನ ಜೀನ್‌ಗಳ ಆರ್‌ಎನ್‌ಎ ನಕಲನ್ನು ಜೀವಕೋಶದ ನ್ಯೂಕ್ಲಿಯಸ್ಸಿನಲ್ಲಿ ಮಾಡಿಸಿಕೊಳ್ಳುವುದಿಲ್ಲ, ಕೆಲಸವೆಲ್ಲ ಕೋಶರಸದಲ್ಲೇ. ಹಾಗಾಗಿ ಈ ನಕಲನ್ನು ಕಟ್ಟುವ ಕಿಣ್ವವಾದ ಆರ್‌ಎನ್‌ಎ ಪಾಲಿಮರೇಸನ್ನೂ ಅದರ ಸಹಾಯಕ ಪ್ರೋಟೀನ್‌ಗಳನ್ನೂ ಕಣದೊಳಗೇ ಹೊತ್ತು ತರುತ್ತದೆ.

ನೀವು ಹೇಳಿದ ಸಂಕೇತವನ್ನು ವೈರಸ್ ವಿಜ್ಞಾನಿ ಬರ್ನಾರ್ಡ್ ಮಾಸ್ ಅವರ ಪ್ರಯೋಗಾಲಯ 1987ರಲ್ಲಿ ಗುರುತಿಸಿತು: ಆರ್‌ಎನ್‌ಎಯಲ್ಲಿ ಸಾಲಾಗಿ ಐದು ಯು (ಆರ್‌ಎನ್‌ಎಯ ನಾಲ್ಕು ಅಕ್ಷರಗಳಲ್ಲೊಂದು), ಆಮೇಲೆ ಯಾವುದಾದರೂ ಒಂದಕ್ಷರ, ಮತ್ತೊಂದು ಯು. ನಕಲು ಅಲ್ಲೇ ನಿಲ್ಲುವುದಿಲ್ಲ, ಇನ್ನೂ 20ರಿಂದ 50 ಅಕ್ಷರ ಸಾಗಿ ನಿಲ್ಲುತ್ತದೆ. ಈ ಸಂಕೇತವನ್ನು ಓದುವುದು ಡಿಎನ್‌ಎಯಲ್ಲೋ, ಹೊಸದಾಗಿ ಹೊರಬರುತ್ತಿರುವ ಆರ್‌ಎನ್‌ಎಯಲ್ಲೋ? ಸ್ಟೀವರ್ಟ್ ಶುಮನ್ ಮತ್ತು ಮಾಸ್ 1988ರಲ್ಲಿ ತೋರಿಸಿದ ರೀತಿ ನನಗೆ ಇಂದಿಗೂ ಬಹಳ ಇಷ್ಟ. ಡಿಎನ್‌ಎಯನ್ನು ಮುಟ್ಟದೆ, ಆರ್‌ಎನ್‌ಎ ಕಟ್ಟಲು ಯು ಬದಲು ಬ್ರೋಮಿನ್ ಸೇರಿಸಿದ ಯು ಕೊಟ್ಟರು. ನಕಲು ನಿಲ್ಲದೆ ಮುಂದುವರಿಯಿತು. ಅಂದರೆ ಓದುವುದು ಆರ್‌ಎನ್‌ಎಯನ್ನೇ.

ನಿಲ್ಲಿಸುವುದು ಪಾಲಿಮರೇಸ್ ಒಂದರಿಂದಲೇ ಆಗುವ ಕೆಲಸವಲ್ಲ. ಡಿ1 ಮತ್ತು ಡಿ12 ಎಂಬ ಎರಡು ಪ್ರೋಟೀನ್‌ಗಳ ಜೋಡಿ ಬೇಕು. ಆರ್‌ಎನ್‌ಎಯ ಆರಂಭದ ತುದಿಗೆ ರಕ್ಷಣೆಯ 'ಕ್ಯಾಪ್' ತೊಡಿಸುವ ಕಿಣ್ವವೂ ಇದೇ ಜೋಡಿ! ತಲೆಗೆ ಟೋಪಿ ತೊಡಿಸಿದವರೇ ಬಾಲವನ್ನೂ ನಿರ್ಧರಿಸುತ್ತಾರೆ. ಜೊತೆಗೆ ಎನ್‌ಪಿಎಚ್-1 ಎಂಬ ಪ್ರೋಟೀನ್ ಜೀವಕೋಶದ ಇಂಧನವಾದ ಎಟಿಪಿಯನ್ನು ಖರ್ಚುಮಾಡಿ, ಆ ಶಕ್ತಿಯಿಂದ ಆರ್‌ಎನ್‌ಎಯನ್ನು ಪಾಲಿಮರೇಸಿನ ಹಿಡಿತದಿಂದ ಬಿಡಿಸುತ್ತದೆ. ಆದರೆ ಅದು ಬಂದು ಹಿಡಿದುಕೊಳ್ಳುವುದು ರ‍್ಯಾಪ್94 ಎಂಬ ಇನ್ನೊಂದು ಪ್ರೋಟೀನನ್ನು.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಈ ರ‍್ಯಾಪ್94ರಲ್ಲಿದೆ. ಸೋಂಕಿನ ಮೊದಲ ಹಂತದಲ್ಲಿ ಕೆಲಸಕ್ಕೆ ಬರುವ ಜೀನ್‌ಗಳ ಆರಂಭವನ್ನು ಗುರುತಿಸಲು ಪಾಲಿಮರೇಸಿಗೆ ಅದು ಬೇಕು. ಒಮ್ಮೆ ಸೇರಿಕೊಂಡರೆ ನಕಲಿನ ಕೊನೆಯವರೆಗೂ ಜೊತೆಗಿರುತ್ತದೆ. ನಂತರದ ಹಂತದ ಜೀನ್‌ಗಳನ್ನು ನಕಲಿಸುವ ಪಾಲಿಮರೇಸ್ ಅದಿಲ್ಲದೆ ಹೊರಡುತ್ತದೆ. ದಾರಿಯಲ್ಲಿ ಅದೇ ಏಳಕ್ಷರ ಸಿಕ್ಕರೂ ಎನ್‌ಪಿಎಚ್-1ಕ್ಕೆ ಹಿಡಿಯಲು ಏನೂ ಇರುವುದಿಲ್ಲ. ಎಲ್ಲಿ ನಿಲ್ಲಬೇಕೆಂಬುದು ಹೀಗೆ ಹೊರಡುವಾಗಲೇ ತೀರ್ಮಾನವಾಗಿರುತ್ತದೆ.

ಈಗ ನಷ್ಟದ ಮಾತು. ನಂತರದ ಹಂತದ ನಕಲುಗಳಿಗೆ ಖಚಿತವಾದ ಕೊನೆಯಿಲ್ಲ, ಉದ್ದ ಒಂದೊಂದಕ್ಕೆ ಒಂದೊಂದು ಬಗೆ. ವೈರಸ್ಸಿನ ಡಿಎನ್‌ಎಯಲ್ಲಿ ಜೀನ್‌ಗಳು ಎರಡೂ ಎಳೆಗಳ ಮೇಲಿರುವುದರಿಂದ, ಎದುರುಬದುರು ದಿಕ್ಕಿನಲ್ಲಿ ಸಾಗಿದ ಉದ್ದದ ನಕಲುಗಳು ಪರಸ್ಪರ ಬೆಸೆದು ಜೋಡಿ ಎಳೆಯ ಆರ್‌ಎನ್‌ಎ ಆಗುತ್ತವೆ. ಜೀವಕೋಶಕ್ಕೆ ಅದೇ ಎಚ್ಚರಿಕೆಯ ಗಂಟೆ. ಆರ್‌ಎನ್‌ಏಸ್-ಎಲ್ ಎಂಬ ಕಿಣ್ವ ಚುರುಕಾಗಿ, ಸಿಕ್ಕ ಆರ್‌ಎನ್‌ಎಯನ್ನೆಲ್ಲ, ವೈರಸ್ಸಿನದನ್ನೂ ಸೇರಿಸಿ, ಕತ್ತರಿಸುತ್ತದೆ. ಈ ಅತಿರೇಕಕ್ಕೆ ಕಡಿವಾಣ ಹಾಕುವುದು ಎ18 ಎಂಬ ಪ್ರೋಟೀನ್. ನಕಲನ್ನು ಬಿಡಿಸುವುದು ಅದರ ಕೆಲಸ. ಅದಕ್ಕೆ ವಿರುದ್ಧವಾಗಿ ಜಿ2 ಮತ್ತು ಜೆ3 ಎಂಬ ಪ್ರೋಟೀನ್‌ಗಳು ನಕಲನ್ನು ಮುಂದಕ್ಕೆ ತಳ್ಳುತ್ತವೆ. ಎ18 ಕೆಟ್ಟರೆ ಆರ್‌ಎನ್‌ಎ ಅತಿಯಾಗಿ ಬೆಳೆಯುತ್ತದೆ, ಜಿ2 ಕೆಟ್ಟರೆ ಗಿಡ್ಡವಾಗುತ್ತದೆ. ಎರಡೂ ಒಟ್ಟಿಗೆ ಕೆಟ್ಟರೆ ಒಂದರ ದೋಷವನ್ನು ಇನ್ನೊಂದು ಸರಿದೂಗಿಸಿ, ವೈರಸ್ ಬದುಕಿಕೊಳ್ಳಬಲ್ಲದು.

ಇದಕ್ಕೆ ಔಷಧದ ನಂಟೂ ಉಂಟು. ಐಸಾಟಿನ್ ಥಯೋಸೆಮಿಕಾರ್ಬಜೋನ್ ಎಂಬ ರಾಸಾಯನಿಕ ನಕಲನ್ನು ಮಿತಿಮೀರಿ ಓಡಿಸುತ್ತದೆ, ಎ18 ಕೆಟ್ಟಾಗ ಆಗುವಂತೆಯೇ. ಜಿ2 ಕಳೆದುಕೊಂಡ ವೈರಸ್‌ಗಳಿಗಾದರೆ ಈ ಮದ್ದು ಇದ್ದರೆ ಮಾತ್ರ ಬೆಳವಣಿಗೆ! ಈ ರಾಸಾಯನಿಕದ ಹತ್ತಿರದ ಬಂಧು ಮೆಥಿಸಜೋನನ್ನು 1960ರ ದಶಕದ ಆರಂಭದಲ್ಲಿ ಮದ್ರಾಸಿನಲ್ಲಿ, ಸಿಡುಬು ರೋಗಿಗಳ ಸಂಪರ್ಕಕ್ಕೆ ಬಂದವರಿಗೆ ರೋಗ ತಗಲದಿರಲೆಂದು ಕೊಟ್ಟಿದ್ದರು. ಅದು ನಕಲಿನ ಕೊನೆಯನ್ನು ಕೆಡಿಸುತ್ತದೆ ಎಂದು ಗೊತ್ತಾದದ್ದು ಬಹಳ ವರ್ಷಗಳ ನಂತರ.

ಸಂಪಾದಕ