ಸದಸ್ಯರು ಆ್ಯಪ್ ಬಿಟ್ಟು ಆಫೀಸಿಗೇ ಫೋನ್ ಮಾಡುತ್ತಿದ್ದರೆ ಮೊದಲು ಏನು ತಿದ್ದಬೇಕು?

ನಿಮ್ಮ ಪ್ರಶ್ನೆ ಇಷ್ಟು: ಶಿರಸಿ ಕಡೆಯ ಸಹಕಾರಿ ಸಂಘವೊಂದಕ್ಕೆ ಆ್ಯಪ್ ಮಾಡಿದ್ದೀರಿ. ಅಡಿಕೆ ತರುವ ದಿನ ಗೊತ್ತುಮಾಡುವುದು, ವಿಕ್ರಿ ಬಿಲ್ಲು ನೋಡುವುದು, ಖಾತೆಯ ಬಾಕಿ ನೋಡುವುದು, ಈ ಮೂರೇ ಕೆಲಸ. 40 ಪುಟದ ಪಿಡಿಎಫ್ ಕೈಪಿಡಿಯೂ ಇದೆ. ಆದರೂ ಸದಸ್ಯರು ಅರ್ಧಕ್ಕೇ ಬಿಟ್ಟು ಫೋನ್ ಮಾಡುತ್ತಾರೆ. ಕೈಪಿಡಿಯನ್ನು ಇನ್ನೂ ವಿವರವಾಗಿ ಬರೆಯಬೇಕೇ, ಯುಎಕ್ಸ್ ಡಿಸೈನರ್ (ಆ್ಯಪ್ ಬಳಸಲು ಸುಲಭವಾಗುವಂತೆ ರೂಪಿಸುವವರು) ಒಬ್ಬರನ್ನು ಹಿಡಿಯಬೇಕೇ ಎಂದು ಕೇಳಿದ್ದೀರಿ.

ಕೈಪಿಡಿಯನ್ನು ಸದ್ಯ ಮುಟ್ಟಬೇಡಿ. ಮೂರು ಕೆಲಸಕ್ಕೆ 40 ಪುಟ ಬೇಕಾಯಿತು ಅಂದರೆ ತೊಡಕು ಸ್ಕ್ರೀನಿನಲ್ಲೇ ಇದೆ. ಬಟನ್ ಮೇಲಿನ ಮಾತು, ಖಾನೆಯ ಹೆಸರು, ತಪ್ಪಾದಾಗ ಬರುವ ಸಂದೇಶ ಇವನ್ನು ಸಾಮಾನ್ಯವಾಗಿ ಪ್ರೋಗ್ರಾಮ್ ಬರೆಯುವವರು ಅವಸರದಲ್ಲಿ ತುಂಬಿಬಿಟ್ಟಿರುತ್ತಾರೆ. ಡಿಸೈನರ್‌ಗೂ ಕೈಪಿಡಿ, ಸಂದೇಶ ಬರೆಯುವ ಟೆಕ್ನಿಕಲ್ ರೈಟರ್‌ಗೂ ಮೊದಲ ಕೆಲಸ ಇರುವುದು ಅಲ್ಲೇ.

ಆಫೀಸಿಗೆ ಬರುವ ಫೋನುಗಳೇ ನಿಮಗೆ ಬೇಕಾದ ಮಾಹಿತಿ. ಎರಡು ವಾರ ಒಂದು ನೋಟ್‌ಬುಕ್ ಇಡಿ. ಪ್ರತಿ ಕರೆಗೆ ಮೂರು ಸಂಗತಿ ಬರೆದರೆ ಸಾಕು: ಏನು ಮಾಡಲು ಹೊರಟಿದ್ದರು, ಯಾವ ಸ್ಕ್ರೀನಿನಲ್ಲಿ ನಿಂತರು, ಅವರು ಆಡಿದ ಮಾತು ಇದ್ದ ಹಾಗೇ. ಸಿಬ್ಬಂದಿ ಅದನ್ನು ತಮ್ಮ ಭಾಷೆಗೆ ತಿರುಗಿಸಿ ಬರೆದರೆ ಉಪಯೋಗವಿಲ್ಲ. ಆಮೇಲೆ ಮೂರು ರಾಶಿ ಮಾಡಿ: ಮಾತು ಅರ್ಥವಾಗದ್ದು, ಬಟನ್ ಕಾಣದ್ದು, ನಿಜವಾಗಿ ಕೆಟ್ಟು ನಿಂತದ್ದು. ಮೂರನೆಯದಷ್ಟೇ ಪ್ರೋಗ್ರಾಮರ್ ತಲೆನೋವು.

ಮೊದಲ ರಾಶಿಯ ಮದ್ದು ವಖಾರಿಯಲ್ಲೇ ಸಿಗುತ್ತದೆ. ಸದಸ್ಯರಿಗೆ ಗೊತ್ತಿರುವ ಅಡಿಕೆಯ ಬಗೆಗಳು ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ. ದಿನದ ಧಾರಣೆ ಪಟ್ಟಿಯಲ್ಲಿ ಇದೇ ಹೆಸರು ಓದಿ ರೂಢಿ. ಆ್ಯಪಿನಲ್ಲಿ 'ಉತ್ಪನ್ನ ವರ್ಗ ಆಯ್ಕೆಮಾಡಿ' ಎಂದು ಹಾಕಿ, ಒಳಗೆ ಎ, ಬಿ, ಸಿ ಗ್ರೇಡ್ ಇಟ್ಟರೆ ಫೋನ್ ಬಾರದೇ ಇದ್ದೀತೇ? ಒಟಿಪಿ, ಪಾಸ್‌ವರ್ಡ್, ಲಾಗಿನ್ ಇವನ್ನು ಹಾಗೇ ಬಿಡಿ, ಕನ್ನಡ ಮಾಡಲು ಹೋಗಬೇಡಿ.

ಮಾತು ಬದಲಿಸುವುದಕ್ಕಿಂತ ಖಾನೆಯನ್ನೇ ಕಿತ್ತುಹಾಕುವುದು ಎಷ್ಟೋ ಸಲ ಒಳ್ಳೆಯದು. 'ತೂಕ' ಎಂಬ ಖಾನೆ ನಿಮ್ಮಲ್ಲೂ ಇರಬಹುದು. ಧಾರಣೆ ಕ್ವಿಂಟಲ್ ಲೆಕ್ಕದಲ್ಲಿ, ಕಂಪ್ಯೂಟರ್ ಕೇಳುವುದು ಕಿಲೋದಲ್ಲಿ, ಮನೆಯಲ್ಲಿ ಎಣಿಸಿಟ್ಟದ್ದು ಚೀಲದಲ್ಲಿ. ಒಬ್ಬರು 3 ಎಂದು ಒತ್ತುತ್ತಾರೆ, ಆ್ಯಪ್ ಅದನ್ನು ಮೂರು ಕಿಲೋ ಎಂದುಕೊಂಡು 'ಅಮಾನ್ಯ' ಅನ್ನುತ್ತದೆ. ಸಂಘ ಹೇಗೂ ತೂಕ ಮಾಡಿಯೇ ಮಾಡುತ್ತದೆ. 'ಎಷ್ಟು ಚೀಲ?' ಎಂದು ಕೇಳಿದರೆ ಮುಗಿಯಿತು.

ತಪ್ಪಿನ ಸಂದೇಶದಲ್ಲಿ ಏನಾಯಿತು, ಯಾಕಾಯಿತು, ಈಗ ಏನು ಮಾಡಬೇಕು ಈ ಮೂರೂ ಇರಲಿ. 'ಅಮಾನ್ಯ ಇನ್‌ಪುಟ್' ಬದಲು 'ಸದಸ್ಯ ಸಂಖ್ಯೆಯಲ್ಲಿ ಅಂಕೆ ಮಾತ್ರ ಇರಬೇಕು. ಪಾಸ್ ಪುಸ್ತಕದ ಮೊದಲ ಪುಟ ನೋಡಿ' ಎಂದು ಬರೆಯಿರಿ (ಸಂಖ್ಯೆ ಅಲ್ಲಿ ಅಚ್ಚಾಗಿದೆಯೇ ಎಂದು ಮೊದಲು ನೀವೇ ನೋಡಿಕೊಳ್ಳಿ). ಮಳೆಗಾಲದಲ್ಲಿ ಕರೆಂಟ್ ಹೋದರೆ ಬೆನ್ನಿಗೇ ಟವರೂ ಹೋಗುವ ಊರುಗಳು ನಮ್ಮವು. ಹಾಗಾಗಿ 'ನೆಟ್‌ವರ್ಕ್ ಇಲ್ಲ. ನೀವು ತುಂಬಿದ್ದು ಫೋನಿನಲ್ಲಿ ಉಳಿದಿದೆ, ಸಿಗ್ನಲ್ ಬಂದ ಮೇಲೆ ತಾನಾಗಿ ಹೋಗುತ್ತದೆ' ಎಂಬ ಸಂದೇಶ ತುಂಬಾ ಬೇಕಾದದ್ದು. ಆದರೆ ಆ್ಯಪ್ ನಿಜವಾಗಿ ಹಾಗೆ ಉಳಿಸಿದರೆ ಮಾತ್ರ ಬರೆಯಿರಿ. ಬರಹಗಾರ ಈ ವಾಕ್ಯ ಬರೆಯಲು ಕೂತಾಗಲೇ ಆ ಸೌಲಭ್ಯ ಮಾಡಿಲ್ಲ ಎಂದು ಎಷ್ಟೋ ತಂಡಗಳಿಗೆ ಗೊತ್ತಾಗುವುದು.

ಕನ್ನಡದ್ದೇ ಆದ ಕೆಲವು ತಾಂತ್ರಿಕ ಗುಂಡಿಗಳಿವೆ, ಇಂಗ್ಲಿಷ್ ಆ್ಯಪ್ ಮಾಡಿ ರೂಢಿ ಇರುವವರು ಇಲ್ಲಿ ಬಿದ್ದೇ ಬೀಳುತ್ತಾರೆ. ಊರಿನ ಹೆಸರಿಗೆ ಕೋಡಿನಲ್ಲಿ 'ಗೆ' ಅಂಟಿಸಿದರೆ 'ಶಿರಸಿಗೆ' ಸರಿ ಬರುತ್ತದೆ, ಆಮೇಲೆ 'ಕಾರವಾರಗೆ', 'ಹೊನ್ನಾವರಗೆ' ಎಂದೂ ಬರುತ್ತದೆ. ಪ್ರತ್ಯಯವನ್ನು ಬದಲಾಗದ ಪದಕ್ಕೆ ಹಚ್ಚಿ: 'ಕಾರವಾರ ಶಾಖೆಗೆ', 'ಸುಬ್ರಾಯ ಅವರಿಗೆ'. ಇಲ್ಲವೇ 'ಶಾಖೆ: ಕಾರವಾರ' ಎಂದು ಬಿಡಿಯಾಗಿ ತೋರಿಸಿ. ಇನ್ನೊಂದು, ಏಕವಚನ ಬಹುವಚನದ್ದು. ಭಾಷೆಭಾಷೆಯ ರೂಢಿಗಳನ್ನು ಕಂಪ್ಯೂಟರಿಗೆ ಪಟ್ಟಿಮಾಡಿಕೊಡುವ ಯೂನಿಕೋಡಿನ ಸಿಎಲ್‌ಡಿಆರ್ ನಿಯಮದಲ್ಲಿ ಕನ್ನಡಕ್ಕೆ ಎರಡೇ ವರ್ಗ, ಅದರಲ್ಲಿ 0 ಸೇರುವುದು ಏಕವಚನದ ಕಡೆಗೆ. ಏಕವಚನದ ಜಾಗದಲ್ಲಿ 'ಒಂದು ಬಿಲ್ಲು ಬಾಕಿ ಇದೆ' ಎಂದು ಅಕ್ಷರದಲ್ಲಿ ಬರೆದಿಟ್ಟರೆ, ಏನೂ ಬಾಕಿ ಇಲ್ಲದವರಿಗೂ ಒಂದು ಬಾಕಿ ಎಂದೇ ಕಾಣಿಸುತ್ತದೆ. ಸೊನ್ನೆಗೆ ಬೇರೆಯೇ ವಾಕ್ಯ ಕೊಡಿ.

ಎಸ್ಸೆಮ್ಮೆಸ್ ಇನ್ನೊಂದು ಕಥೆ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ. ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಸಾಮಾನ್ಯವಾಗಿ ಇಡೀ ಸಂದೇಶದ ಮಿತಿ 70ಕ್ಕೆ ಇಳಿಯುತ್ತದೆ, ಅದು ಮೀರಿದರೆ ತುಂಡಿಗೆ 67. ಒತ್ತು, ಕಾಗುಣಿತ ಎಲ್ಲ ಬೇರೆ ಬೇರೆ ಎಣಿಕೆ: 'ಸ್ತ್ರೀ' ಕಣ್ಣಿಗೆ ಒಂದು, ಲೆಕ್ಕಕ್ಕೆ 6. 'ಒಟಿಪಿ 482913. 10 ನಿಮಿಷದೊಳಗೆ ಬಳಸಿ.' ಎಂಬುದು 33ರಲ್ಲಿ ಮುಗಿಯುತ್ತದೆ. 'ಆತ್ಮೀಯ ಗ್ರಾಹಕರೇ' ಎಂದು ಶುರುಮಾಡಿ ಉದ್ದ ಬೆಳೆಸಿದರೆ 70 ಮೀರಿ ತುಂಡು ಹೆಚ್ಚಿ ದುಡ್ಡೂ ದಂಡ, ಚಿಕ್ಕ ಫೋನಿನಲ್ಲಿ ಸಂಖ್ಯೆ ಕೆಳಗೆ ಹೋಗಿ ಕಾಣುವುದೂ ಇಲ್ಲ.

ಒಟಿಪಿ ನಡೆಯುವ ಅವಧಿಯನ್ನೂ ಯೋಚಿಸಿ. ಒಟಿಪಿ ಬರುವುದು ತೋಟದಲ್ಲಿರುವ ಅಪ್ಪಯ್ಯನ ಕೀಪ್ಯಾಡ್ ಫೋನಿಗೆ, ಆ್ಯಪ್ ತೆರೆದು ಕೂತಿರುವುದು ಬೆಂಗಳೂರಿನಲ್ಲಿರುವ ಮಗ. ಎರಡು ನಿಮಿಷದ ಒಟಿಪಿ ಈ ಮನೆಗೆ ಸಾಲದು. ಸದಸ್ಯರ ಒಪ್ಪಿಗೆ ಪಡೆದು ಎರಡನೇ ಮೊಬೈಲ್ ಸಂಖ್ಯೆ ಸೇರಿಸಲು ಬಿಟ್ಟರೆ ಇನ್ನೂ ಒಳ್ಳೆಯದು.

ಸ್ಕ್ರೀನಿನ ಅಳತೆಗಳು: ಸಾಲಿನ ಎತ್ತರ ಅಕ್ಷರದ ಗಾತ್ರದ 1.5 ಪಟ್ಟಾದರೂ ಇರಲಿ, ಇಲ್ಲದಿದ್ದರೆ 'ಕ್ವಿಂಟಲ್' ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ. ಆಂಡ್ರಾಯ್ಡಿನಲ್ಲಿ ಒತ್ತುವ ಜಾಗ 48 ಡಿಪಿಗೆ (ಡಿಪಿ ಎಂದರೆ ಆಂಡ್ರಾಯ್ಡಿನ ಸ್ಕ್ರೀನ್ ಅಳತೆಯ ಏಕಮಾನ) ಕಮ್ಮಿ ಬೇಡ. ಅಕ್ಷರ ಮತ್ತು ಹಿನ್ನೆಲೆಯ ಕಾಂಟ್ರಾಸ್ಟ್ (ಹೊಳಪಿನ ವ್ಯತ್ಯಾಸ) ಕನಿಷ್ಠ 4.5:1 ಇರಬೇಕು. ಬಿಳಿಯ ಮೇಲೆ ತಿಳಿ ಬೂದು ಅಕ್ಷರ ಆಫೀಸಿನಲ್ಲಿ ಚೆಂದ, ಅಂಗಳದ ಬಿಸಿಲಲ್ಲಿ ಮಾಯ.

ತಿದ್ದಿದ ಮೇಲೆ ಜನರ ಕೈಗೆ ಕೊಟ್ಟು ನೋಡಿ. ಬಳಕೆಯ ಸುಲಭತೆಯನ್ನು ಅಧ್ಯಯನ ಮಾಡಿದ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ 1993ರಲ್ಲಿ ಕೊಟ್ಟ ಲೆಕ್ಕದಂತೆ ಒಬ್ಬರನ್ನು ಗಮನಿಸಿದರೆ ಸರಾಸರಿ 31% ತೊಡಕು ಸಿಗುತ್ತದೆ, 5 ಜನರಾದರೆ ಸುಮಾರು 85%. ಆದರೆ ಇದು ಒಂದೇ ಬಗೆಯ ಬಳಕೆದಾರರ ಗುಂಪಿಗೆ. ಘಟ್ಟದ ಮೇಲಿನ ಹಿರಿಯ ಅಡಿಕೆ ಬೆಳೆಗಾರರು ಒಂದು ಗುಂಪು, ಮನೆಮಾತು ಕೊಂಕಣಿಯಾಗಿದ್ದು ಶಾಲೆಯಲ್ಲಿ ಕನ್ನಡ ಕಲಿತ ಕರಾವಳಿಯ ಸದಸ್ಯರು ಇನ್ನೊಂದು. ಎರಡನ್ನೂ ಬೇರೆಯಾಗಿ ನೋಡಿ. ಅವರವರ ಫೋನಿನಲ್ಲೇ, ಅವರಿಟ್ಟ ಅಕ್ಷರದ ಗಾತ್ರದಲ್ಲೇ ಮಾಡಿಸಬೇಕು. ಕೆಲಸ ಹೇಳುವಾಗ ಸ್ಕ್ರೀನಿನ ಮಾತು ಬಾಯಿಗೆ ಬರಬಾರದು: ಬಟನ್ ಮೇಲೆ 'ದಿನ ಕಾದಿರಿಸಿ' ಎಂದಿದ್ದರೆ, 'ಮುಂದಿನ ವಾರ ನಾಲ್ಕು ಚೀಲ ಚಾಲಿ ತರೋದಿದೆ, ಈ ಆ್ಯಪಿನಲ್ಲಿ ಸಂಘಕ್ಕೆ ತಿಳಿಸಿ ನೋಡುವಾ' ಅನ್ನಿ. ಆಮೇಲೆ ಸುಮ್ಮನಿರಿ. ಕೈ ತುರಿಸಿದರೂ ತೋರಿಸಿಕೊಡಬೇಡಿ. ನಮ್ಮ ಕಡೆಯವರು ಮುಖ ನೋಡಿ 'ಚೊಲೋ ಇದ್ದು' ಅಂದೇ ಅನ್ನುತ್ತಾರೆ, ಅದನ್ನು ಲೆಕ್ಕಕ್ಕೆ ಹಿಡಿಯದೆ ಬೆರಳು ಎಲ್ಲಿ ತಡೆಯಿತು ಎಂದಷ್ಟೇ ಬರೆದುಕೊಳ್ಳಿ.

ಇಷ್ಟಾದ ಮೇಲೂ ಉಳಿದ ಪ್ರಶ್ನೆಗಳಿಗೆ ಮಾತ್ರ ಕೈಪಿಡಿ. ಒಂದು ಕೆಲಸಕ್ಕೆ ಒಂದು ಪುಟ, ಒಂದು ಹೆಜ್ಜೆಗೆ ಒಂದೇ ಕ್ರಿಯೆ, ಒತ್ತಿದ ಮೇಲೆ ಏನು ಕಾಣುತ್ತದೆ ಎಂಬುದು ಹೆಜ್ಜೆಯ ಕೆಳಗೆ, ಎಚ್ಚರಿಕೆ ಹೆಜ್ಜೆಗಿಂತ ಮೊದಲು. ಕಮಿಷನ್ ಹೇಗೆ ಕಡಿತವಾಗುತ್ತದೆ ಎಂಬಂಥ ವಿವರಣೆಯನ್ನು ಹೆಜ್ಜೆಗಳ ನಡುವೆ ತುರುಕದೆ ಬೇರೆ ಪುಟದಲ್ಲಿಡಿ. ಸ್ಕ್ರೀನ್‌ಶಾಟ್ ಕಮ್ಮಿಯಿದ್ದಷ್ಟೂ ಸುಖ, ಆ್ಯಪ್ ಬದಲಾದಾಗಲೆಲ್ಲ ಅವು ಹಳತಾಗುತ್ತವೆ. ಒಂದು ಎ4 ಹಾಳೆ ಕೌಂಟರಿನ ಗೋಡೆಗೆ, ಅದೇ ಚಿತ್ರ ವಾಟ್ಸ್ಆ್ಯಪ್ ಗುಂಪಿಗೆ.

ಡಿಸೈನರ್ ವಿಚಾರಕ್ಕೆ ಬಂದರೆ, ಖಾಯಂ ಬೇಡ. ಕೆಲವು ವಾರಕ್ಕೆ ಗೊತ್ತುಮಾಡಿಕೊಂಡು ಚಂದದ ಚಿತ್ರಗಳ ಬದಲು ಮೂರು ವಸ್ತು ಕೇಳಿ: ಗಮನಿಸಿದ ತೊಡಕುಗಳ ಪಟ್ಟಿ ತೀವ್ರತೆಯ ಕ್ರಮದಲ್ಲಿ, ತಿದ್ದಿದ ಸ್ಕ್ರೀನುಗಳು, ಆ್ಯಪಿನ ಪ್ರತಿ ಕನ್ನಡ ವಾಕ್ಯ ಇರುವ ಒಂದು ಹಾಳೆ. ಆ ಹಾಳೆಯ ಜವಾಬ್ದಾರಿ ಸಂಘದ ಒಬ್ಬರ ಹೆಸರಿನಲ್ಲಿರಲಿ, ಇಲ್ಲದಿದ್ದರೆ ಮುಂದಿನ ಅಪ್‌ಡೇಟಿನಲ್ಲಿ 'ಉತ್ಪನ್ನ ವರ್ಗ' ಮತ್ತೆ ಬಂದು ಕೂರುತ್ತದೆ.