ಸಾಲ್ಮನ್ ಮೀನು ನದಿಗೆ ಬಂದ ಮೇಲೆ ಏನೂ ತಿನ್ನಲ್ಲ ಅಂತಾರೆ. ಮತ್ತೆ ಗಾಳಕ್ಕೆ ಯಾಕೆ ಬಾಯಿ ಹಾಕುತ್ತೆ?

ತಿನ್ನುವುದಿಲ್ಲ ಎನ್ನುವುದು ನಿಜ. ಅಟ್ಲಾಂಟಿಕ್ ಸಾಲ್ಮನ್ ಮೊಟ್ಟೆಯಿಡಲು ಸಮುದ್ರದಿಂದ ನದಿಗೆ ಬಂದ ಮೇಲೆ ಮೈಯಲ್ಲಿರುವ ಕೊಬ್ಬಿನ ಮೇಲೆಯೇ ತಿಂಗಳುಗಟ್ಟಲೆ ಬದುಕುತ್ತದೆ. ಆದರೂ ಪುಕ್ಕ, ಕೂದಲು ಸುತ್ತಿದ ‘ಫ್ಲೈ’ ಕೊಕ್ಕೆ ಮುಂದೆ ಹಾದುಹೋದರೆ ಕೆಲವೊಮ್ಮೆ ಗಬಕ್ಕನೆ ಕಚ್ಚುತ್ತದೆ. ಮರಿಯಾಗಿದ್ದಾಗ ನದಿಯಲ್ಲಿ ಹುಳ ಹಿಡಿದ ರೂಢಿಯೋ, ಅಡ್ಡ ಬಂದದ್ದರ ಮೇಲಿನ ಸಿಟ್ಟೋ, ಗಾಳ ಹಾಕುವವರಲ್ಲಿ ಒಮ್ಮತವಿಲ್ಲ. ನನಗೆ ಹಳೇ ರೂಢಿಯ ವಾದವೇ ಸರಿ ಅನ್ನಿಸುತ್ತದೆ.

ಸ್ಕಾಟ್ಲೆಂಡಿನ ಟೇ ನದಿಯಲ್ಲಿ 1922ರಲ್ಲಿ ಜಾರ್ಜಿನಾ ಬ್ಯಾಲಂಟೈನ್ ಹಿಡಿದ ಸಾಲ್ಮನ್ 64 ಪೌಂಡ್, ಅಂದರೆ ಸುಮಾರು 29 ಕಿಲೋ ಇತ್ತು. ಗಾಳದಲ್ಲಿ ಹಿಡಿದ ಸಾಲ್ಮನ್‌ನ ಆ ಬ್ರಿಟಿಷ್ ದಾಖಲೆ ಇನ್ನೂ ಹಾಗೇ ಇದೆ.

ಆದರೆ ಮೀನು ಉಳಿಯಬೇಕಾದರೆ ಮೊದಲು ನದಿ ಚೆನ್ನಾಗಿರಬೇಕು ಅಲ್ವಾ? ಹೆಣ್ಣು ಸಾಲ್ಮನ್ ಮಗ್ಗುಲಾಗಿ ಬಾಲ ಬಡಿದು ಜಲ್ಲಿಯಲ್ಲಿ ಗುಂಡಿ ತೋಡುತ್ತದೆ, ಮೊಟ್ಟೆಯಿಟ್ಟು ಮತ್ತೆ ಜಲ್ಲಿ ಮುಚ್ಚುತ್ತದೆ. ಇಡೀ ಚಳಿಗಾಲ ಆ ಕಲ್ಲುಗಳ ಸಂದಿಯಲ್ಲಿ ತಣ್ಣನೆಯ ನೀರು ಹರಿಯುತ್ತಲೇ ಇರಬೇಕು. ಹೊಲದಿಂದ ಕೊಚ್ಚಿ ಬಂದ ಮಣ್ಣು ಅಲ್ಲಿ ಕೂತರೆ ಮೊಟ್ಟೆಗಳು ಆಮ್ಲಜನಕ ಸಿಗದೆ ಸಾಯುತ್ತವೆ. ದಡದಲ್ಲಿ ಮರಗಳಿಲ್ಲದಿದ್ದರೆ ಬೇಸಿಗೆಯಲ್ಲಿ ನೀರು ಬಿಸಿಯಾಗುತ್ತದೆ. ಅದಕ್ಕೇ ಸ್ಕಾಟ್ಲೆಂಡಿನ ಡೀ ನದಿಯ ಮೇಲ್ಭಾಗದಲ್ಲಿ ನೆರಳಿಗಾಗಿ ಗಿಡ ನೆಡುತ್ತಿದ್ದಾರೆ.

2023ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಬ್ರಿಟನ್ನಿನ ಸಾಲ್ಮನ್‌ಗಳನ್ನು ಅಳಿವಿನಂಚಿನಲ್ಲಿವೆ ಎಂದು ಗುರುತಿಸಿತು. ಸ್ಕಾಟ್ಲೆಂಡಿನಲ್ಲಿ ಗಾಳಕ್ಕೆ ಸಿಕ್ಕವುಗಳಲ್ಲಿ ಶೇ. 90ಕ್ಕೂ ಜಾಸ್ತಿ ಈಗ ವಾಪಸ್ ನದಿಗೇ ಹೋಗುತ್ತವೆ. ನಿಮಗೂ ಸಿಕ್ಕರೆ ದಯವಿಟ್ಟು ನೀರಿನಲ್ಲೇ ಕೊಕ್ಕೆ ಬಿಡಿಸಿ. ಮುಖ ಹರಿವಿಗೆ ಎದುರಾಗಿರುವಂತೆ ಮೆತ್ತಗೆ ಹಿಡಿದುಕೊಂಡು, ಅದು ತಾನಾಗಿಯೇ ಈಜಿ ಹೋಗುವವರೆಗೆ ಕಾಯಿರಿ.